ಹತ್ತನೆಯ ರೊಟ್ಟಿಯ ವಾದ

ಈ ಪರೀಕ್ಷೆಗೆ ಹೋಗುವ ದಿನ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಬೇಡಿ. ಬಳೆ, ಉಂಗುರ, ಗಡಿಯಾರ ಮನೆಯಲ್ಲೇ ಬಿಟ್ಟು ಹೋಗಿ. ತೋಳು ಸಡಿಲವಿರುವ ಅಂಗಿ ಹಾಕಿಕೊಳ್ಳಿ. ಸೂಜಿ ನೋಯುತ್ತದೆಯೇ ಎಂದು ಕೇಳಿದರೆ, ನೋಯುತ್ತದೆ. ಆದರೆ ಹಿಂದಿನ ದಿನವಿಡೀ ಊಹಿಸಿಕೊಂಡು ಪಟ್ಟ ನೋವಿನ ಮುಂದೆ ಅದು ಏನೂ ಅಲ್ಲ. ಸ್ನಾಯುವಿನ ಒಳಗಿನ ವಿದ್ಯುತ್ತನ್ನು ಅಳೆಯುವ ಈ ಪರೀಕ್ಷೆಗೆ ಇಎಂಜಿ ಎನ್ನುತ್ತಾರೆ. ನನಗೆ ಅದನ್ನು ವಿಜಯಪುರದಲ್ಲೇ ಮಾಡಿದರು. ಈಗ ಆರಾಮಾಗಿದ್ದೇನೆ. ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಅದರ ಜೊತೆ ಬದುಕುವುದು ಗೊತ್ತಾಗಿದೆ.

ಇಷ್ಟೇ ಬರೆದು ನಿಲ್ಲಿಸಿದ್ದರೆ ಓದಿದವರಿಗೆ ಧೈರ್ಯ ಬರುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಆದರೆ ನನ್ನ ಕಾಯಿಲೆಯ ಕಥೆ ನನ್ನ ಕೈಯಿಂದ ಶುರುವಾಗುವುದಿಲ್ಲ. ನನ್ನ ಸೋದರತ್ತೆಯ ಕೈಯಿಂದ ಶುರುವಾಗುತ್ತದೆ.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ. ಮುಂದೆ ಗಿರಾಕಿ ನೋಡಿಕೊಳ್ಳುವುದು ಅಪ್ಪ, ಒಳಗೆ ಪಲ್ಯ ಸಾರು ಅವ್ವನದು. ರೊಟ್ಟಿ ಬಡಿಯುವುದು ಅಪ್ಪನ ತಂಗಿ ನೀಲತ್ತಿಯ ಕೆಲಸವಾಗಿತ್ತು. ಆಕೆಯ ಮನೆ ತಿಕೋಟಾದಲ್ಲಿ. ದಿನಾ ಮುಂಜಾನೆ ಮೊದಲ ಬಸ್ಸಿಗೆ ಬಂದು, ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಹೋಗುತ್ತಿದ್ದಳು.

ನೀಲತ್ತಿಯ ತಕರಾರು ಒಂದೇ: ಮುಂಜಾನೆ ಕೈ ಬಿಗಿಯುತ್ತವೆ, ಹಿಡಿದದ್ದನ್ನು ಬಿಡುವುದಿಲ್ಲ. ಚಳಿಯಲ್ಲಿ ಬಸ್ಸಿನ ಸರಳು ಹಿಡಿದು ನಿಂತರೆ ಇಳಿಯುವಾಗ ಇನ್ನೊಂದು ಕೈಯಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕು. ಹಿಂದೆ ನಿಂತವರು ಗೊಣಗುತ್ತಾರೆ, ಕಂಡಕ್ಟರು ಸೀಟಿ ಊದುತ್ತಾನೆ. ಖಾನಾವಳಿಗೆ ಬಂದವಳು ಎಸರಿಟ್ಟ ಪಾತ್ರೆಯ ಪಕ್ಕ ಕುಳಿತು ಬಿಸಿಗೆ ಕೈ ಹಿಡಿಯುತ್ತಿದ್ದಳು. ಆಮೇಲೆ ನಾದುವುದು. ಮೊದಲ ನಾಲ್ಕಾರು ರೊಟ್ಟಿ ತಡ, ದಪ್ಪ, ಅಂಚು ಸೀಳಿದವು. ಹತ್ತನೆಯ ರೊಟ್ಟಿಯ ಹೊತ್ತಿಗೆ ನೋಡಬೇಕಿತ್ತು. ಎರಡು ಅಂಗೈ ನಡುವೆ ಹಿಟ್ಟು ತಾನಾಗಿ ತಿರುಗುತ್ತಿತ್ತು, ಬಡಿಯುವ ಸಪ್ಪಳ ಮುಂದಿನ ಟೇಬಲ್ಲಿನವರೆಗೂ ಒಂದೇ ತಾಳದಲ್ಲಿ ಕೇಳುತ್ತಿತ್ತು. ಒಬ್ಬ ಡಾಕ್ಟರು ರಕ್ತ ನೋಡಿ ಏನೂ ಇಲ್ಲ ಎಂದಿದ್ದರು, ಇನ್ನೊಬ್ಬರು ಎಕ್ಸರೇ ನೋಡಿ ಶಕ್ತಿ ಗುಳಿಗೆ ಕೊಟ್ಟಿದ್ದರು. ಕೊನೆಗೆ ಆಕೆ ಕಾಖಂಡಕಿಯ ಯಾರೋ ಹಿರಿಯರ ಕೈಯಿಂದ ಮಂತ್ರಿಸಿದ ಕರಿದಾರ ಕಟ್ಟಿಸಿಕೊಂಡು ಬಂದಳು.

ನಾನು ಆಗ ಕಾನೂನು ಓದುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ನನ್ನ ಹೆಸರು ಜಿಲ್ಲೆಯ ಕಾಲೇಜುಗಳಿಗೆಲ್ಲ ಗೊತ್ತಿತ್ತು. ಮನೆಯಲ್ಲಿ ನನ್ನನ್ನು ವಕೀಲಕ್ಕ ಎಂದೇ ಕರೆಯುತ್ತಿದ್ದರು, ಅರ್ಧ ಹೆಮ್ಮೆಯಿಂದ, ಅರ್ಧ ಬೇಸರದಿಂದ. ದೇವರು, ದೃಷ್ಟಿ, ಮುಹೂರ್ತ, ಯಾವುದನ್ನೂ ನಾನು ವಾದಿಸದೆ ಬಿಟ್ಟವಳಲ್ಲ. ಕರಿದಾರ ಕಂಡೊಡನೆ ನನಗೆ ಒಂದು ಮೊಕದ್ದಮೆ ಸಿಕ್ಕಂತಾಯಿತು.

ಒಂದು ವಾರ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು, ಮೊಬೈಲಿನಲ್ಲಿ ಸಮಯ ಅಳೆದೆ. ಮೊದಲ ರೊಟ್ಟಿಗೆ ಹಿಡಿದ ಹೊತ್ತು, ಐದನೆಯದಕ್ಕೆ, ಹತ್ತನೆಯದಕ್ಕೆ, ಇಪ್ಪತ್ತನೆಯದಕ್ಕೆ. ಮೊದಲನೆಯದಕ್ಕೆ ಸುಮಾರು ಐದು ನಿಮಿಷ, ಹತ್ತನೆಯದಕ್ಕೆ ಒಂದು ನಿಮಿಷವೂ ಇಲ್ಲ. ದಿನವೂ ಹಾಗೇ. ಅತ್ತಿ ನಗುತ್ತ, ಸಾಲಿಗಿ ಬರದ ಕೊಡೂದೈತೇನು ಎಂದು ಕೇಳಿದಳು. ಹೂಂ ಎಂದೆ. ಅದು ಸುಳ್ಳು.

ಆ ದಿನ ಊಟದವರೆಲ್ಲ ಹೋದ ಮೇಲೆ ನಾವು ನಾಲ್ವರು ಉಣ್ಣಲು ಕುಳಿತಿದ್ದೆವು. ಮುಂಜಾನೆಯ ರೊಟ್ಟಿ ತಡವಾಗಿ ಗಿರಾಕಿಗಳು ಎದ್ದು ಹೋದರೆಂದು ಅವ್ವ ಗೊಣಗಿದ್ದೇ ನೆಪ. ಮೊಬೈಲು ತೆಗೆದು ಪಟ್ಟಿ ಓದಿದೆ. ನಿಂತು ಓದಿದೆ, ಅಭ್ಯಾಸಬಲದಿಂದ.

"ಖರೇ ರೋಗ ಇದ್ರ ಕೆಲಸ ಮಾಡಿದಂಗ ಮಾಡಿದಂಗ ಹೆಚ್ಚಾಗಬೇಕು. ದುಡದಂಗ ಕಡಿಮಿ ಆಗೂ ರೋಗ ಯಾವ ಊರಾಗೈತಿ ಬೇ ಅತ್ತಿ? ಇದು ಕೈ ರೋಗ ಅಲ್ಲ. ಮನಸ್ಸಿಲ್ಲದ್ದಕ್ಕ ಕೈ ನೆವಾ."

ಅವ್ವ ನಗು ತಡೆಯಲು ಸೆರಗು ಬಾಯಿಗೆ ಹಿಡಿದಳು. ಅಪ್ಪ ತಾಟು ನೋಡುತ್ತಿದ್ದ. ನೀಲತ್ತಿ ನನ್ನ ಮೊಬೈಲನ್ನೇ ಸ್ವಲ್ಪ ಹೊತ್ತು ನೋಡಿದಳು, ಅದರಲ್ಲಿ ಬೇರೆ ಇನ್ನೇನಾದರೂ ಇದೆಯೇನೋ ಎಂಬಂತೆ.

"ನಿನ್ನಷ್ಟ ಮಾತ ನನಗ ಬರೂದಿಲ್ಲವಾ," ಎಂದಳು. "ನನ್ನ ಕೈ ಹೆಂಗಾಗ್ತಾವು ಅನ್ನೂದು ನನಗ ಗೊತ್ತು."

"ಗೊತ್ತು ಅನ್ನೂದು ಸಾಕ್ಷಿ ಅಲ್ಲ," ಎಂದೆ. ಆಮೇಲೆ, ಗೆದ್ದವರು ಮಾಡುವ ಹಾಗೆ, ಈಳಿಗೆಗೆ ಹಿಡಿದು ಆಕೆಯ ಕರಿದಾರವನ್ನೂ ಕೊಯ್ದು ಹಾಕಿದೆ. ಆಕೆ ಕೈ ಎಳೆದುಕೊಳ್ಳಲಿಲ್ಲ. ಮರುದಿನ ಮೊದಲ ಬಸ್ಸಿಗೆ ಬರಲಿಲ್ಲ. ತಿಕೋಟಾದಲ್ಲೇ ಒಣದ್ರಾಕ್ಷಿ ಆರಿಸುವ ಶೆಡ್ಡಿಗೆ ಕೆಲಸಕ್ಕೆ ಹೋಗತೊಡಗಿದಳೆಂದು ಗೊತ್ತಾಯಿತು. ನಾನು ಅದನ್ನೂ ಒಪ್ಪಿಗೆ ಎಂದೇ ತಿಳಿದೆ. ವಾದ ಬಿಟ್ಟು ಎದ್ದು ಹೋದವರು ಸೋತವರು ತಾನೆ?

ದಾರದ ವಿಷಯದಲ್ಲಿ ಇವತ್ತಿಗೂ ನನ್ನ ಅಭಿಪ್ರಾಯ ಬದಲಾಗಿಲ್ಲ. ದಾರದಿಂದ ಏನೂ ಆಗುವುದಿಲ್ಲ. ಆದರೆ ದಾರ ಸುಳ್ಳು ಎಂದು ಸಾಧಿಸಿದವಳು ಅದನ್ನು ಕಟ್ಟಿಕೊಂಡ ಕೈಯೂ ಸುಳ್ಳು ಎಂದು ಅದೇ ಉಸಿರಿನಲ್ಲಿ ಸಾಧಿಸಿಬಿಟ್ಟೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದು ನಾನೇ. ನನ್ನ ತರಬೇತಿ ಇದ್ದದ್ದೇ ಅಂಥ ಗಂಟುಗಳನ್ನು ಬಿಡಿಸುವುದರಲ್ಲಿ.

ಮುಂದಿನ ವರ್ಷ ಚಳಿಗಾಲದಲ್ಲಿ ಬಬಲೇಶ್ವರದಲ್ಲಿ ಒಂದು ಚರ್ಚಾಸ್ಪರ್ಧೆ. ಬೆಳಗಿನ ಹೊತ್ತು, ಬಯಲಿನಲ್ಲಿ ಶಾಮಿಯಾನ, ತಣ್ಣನೆಯ ಕಬ್ಬಿಣದ ಮೈಕು. ನನ್ನ ಐದು ನಿಮಿಷ ಮುಗಿದು ಗಂಟೆ ಬಾರಿಸಿದರು. ಎದುರಾಳಿ ಹುಡುಗಿ ಬಂದು ಮೈಕಿಗೆ ಕೈ ಚಾಚಿದಳು. ಬಿಡಬೇಕೆಂದುಕೊಂಡೆ. ಕೈ ಬಿಡಲಿಲ್ಲ. ಬೆರಳುಗಳಿಗೆ ನಾನು ಹೇಳುತ್ತಿದ್ದೇನೆ, ಅವು ಕೇಳುತ್ತಿಲ್ಲ. ಆಕೆ ಎಳೆದಳು, ನಾನು ಹಿಡಿದೇ ಇದ್ದೆ. ಸಭೆ ನಗತೊಡಗಿತು. ಮುಂದಿನ ಸಾಲಿನ ಒಬ್ಬ ಮೇಷ್ಟ್ರು, "ಕೊಡ್ರಿ ತಂಗಿ, ಆಕೀನೂ ಮಾತಾಡಲಿ," ಎಂದರು. ನಗು ಇನ್ನೂ ಹೆಚ್ಚಿತು. ಅಷ್ಟರಲ್ಲಿ ಬೆರಳು ಸಡಿಲಾದವು. ನಾನು ಗತ್ತಿನಿಂದ ನಕ್ಕು ಕುರ್ಚಿಗೆ ಹೋದೆ. ಸೊಕ್ಕಿನವಳು ಎಂದು ಜನ ತಿಳಿಯುವುದು ನನಗೆ ನಡೆಯುತ್ತಿತ್ತು. ಕೈಲಾಗದವಳು ಎಂದು ತಿಳಿಯುವುದು ನಡೆಯುತ್ತಿರಲಿಲ್ಲ.

ಅದು ಮೊದಲ ಸಲವೂ ಆಗಿರಲಿಲ್ಲ. ಶಾಲೆಯಲ್ಲಿ ಓಟದ ಸೀಟಿ ಊದಿದಾಗ ನನ್ನ ಕಾಲು ಮೊದಲ ಹತ್ತು ಹೆಜ್ಜೆ ಕಟ್ಟಿಗೆಯಂತೆ ಇರುತ್ತಿದ್ದವು. ಆಟವೆಂದರೆ ನನಗೆ ಆಸಕ್ತಿಯಿಲ್ಲ ಎಂದು ವಾದಿಸಿ ತಪ್ಪಿಸಿಕೊಂಡಿದ್ದೆ. ನನ್ನ ಮೈ ಕೊಟ್ಟ ಸಾಕ್ಷಿಗಳನ್ನೆಲ್ಲ ನಾನೇ ತಳ್ಳಿಹಾಕಿಕೊಂಡು ಬಂದಿದ್ದೆ.

ತಪ್ಪಿಸಿಕೊಳ್ಳಲಾಗದಂತೆ ಆದದ್ದು ಬಸ್‌ಸ್ಟ್ಯಾಂಡಿನಲ್ಲಿ. ಕಲ್ಲುಬೆಂಚಿನ ಮೇಲೆ ಬಹಳ ಹೊತ್ತು ಕುಳಿತಿದ್ದವಳು ಬಸ್ಸು ಬಂತೆಂದು ಥಟ್ಟನೆ ಎದ್ದೆ. ಎರಡೂ ಕಾಲು ಬಿಗಿದು, ನಿಲ್ಲಿಸಿದ ಏಣಿ ಬೀಳುವ ಹಾಗೆ ಮುಂದಕ್ಕೆ ಬಿದ್ದೆ. ಗದ್ದಕ್ಕೆ ಹೊಲಿಗೆ ಬಿತ್ತು. ಹೊಲಿಗೆ ಹಾಕಿದವರು ನರರೋಗದ ಡಾಕ್ಟರ ಕಡೆ ಕಳಿಸಿದರು.

ಹೋಗುವ ಮುಂಚೆ ಮೊಬೈಲಿನಲ್ಲಿ ಓದಿ ಓದಿ ನನಗೆ ಯಾವ ರೋಗವೂ ಇಲ್ಲ ಎಂಬುದಕ್ಕೆ ಆರು ಕಾರಣ ತಯಾರು ಮಾಡಿಕೊಂಡಿದ್ದೆ. ಡಾಕ್ಟರು ನಮ್ಮ ಕಡೆಯವರೇ, ಮೆತ್ತಗಿನ ಮನುಷ್ಯ. ಮೂರನೆಯ ಕಾರಣದವರೆಗೂ ಕೇಳಿದರು. ನಂತರ ನನ್ನ ಅಂಗೈ ಮೇಲ್ಮುಖ ಮಾಡಿ, ಹೆಬ್ಬೆರಳ ಬುಡಕ್ಕೆ ಸಣ್ಣ ಸುತ್ತಿಗೆಯಿಂದ ಒಮ್ಮೆ ತಟ್ಟಿದರು. ಹೆಬ್ಬೆರಳು ಒಳಕ್ಕೆ ಮಡಚಿಕೊಂಡು ಅಲ್ಲೇ ನಿಂತಿತು. ಮೆಲ್ಲಗೆ, ಬಹಳ ಮೆಲ್ಲಗೆ ಮರಳಿತು. ನಾಲ್ಕನೆಯ ಕಾರಣ ನಾನು ಹೇಳಲಿಲ್ಲ.

ಪರೀಕ್ಷೆಯ ದಿನ ಅಪ್ಪ ಜೊತೆಗೆ ಬಂದ. ಕೋಣೆಯ ಹೊರಗಿನ ಬೆಂಚಿನಲ್ಲಿ ನಮ್ಮ ಹಾಗೇ ಏಳೆಂಟು ಜನ. ಅರಕೇರಿಯಿಂದ ಬಂದಿದ್ದ ಒಬ್ಬ ಮುದುಕಿ ನನಗೆ ಏನಾಗಿದೆ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. "ನನಗೂ ಗೊತ್ತಿಲ್ಲವ್ವಾ. ಗೊತ್ತಿದ್ರ ಇಲ್ಲ್ಯಾಕ ಕುಂದರತಿದ್ವಿ," ಎಂದು ಚೀಲದಿಂದ ಒಂದು ಬಾಳೆಹಣ್ಣು ಕೊಟ್ಟಳು. ಆ ಬೆಂಚಿನ ಮೇಲೆ ಅಳು ಬರುವ ಹಾಗೆ ಮಾಡಿದ್ದು ಆ ಬಾಳೆಹಣ್ಣು ಮಾತ್ರ.

ಒಳಗೆ ಯಂತ್ರ ನೋಡಿಕೊಳ್ಳುವವರು ರಫೀಕಣ್ಣ ಎಂಬ ಹಿರಿಯರು. ಅವ್ವ ರೂಢಿಯಂತೆ ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿ ಕಳಿಸಿದ್ದಳು. ಅದನ್ನು ಸ್ಪಿರಿಟಿನಿಂದ ಒರೆಸುತ್ತ, ತಾಯಂದಿರ ಎಣ್ಣೆ ಒರೆಸುವುದರಲ್ಲೇ ತಮ್ಮ ಅರ್ಧ ನೌಕರಿ ಹೋಯಿತು ಎಂದು ನಗಿಸಿದರು. ಮೊದಲು ಸಣ್ಣ ಸಣ್ಣ ಕರೆಂಟು ಕೊಟ್ಟರು. ನನ್ನ ಬೆರಳುಗಳು ನನ್ನನ್ನು ಕೇಳದೆ ಕುಣಿದವು. ಆಮೇಲೆ ಡಾಕ್ಟರು ಬಂದು ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸದಲ್ಲಿ ಸೂಜಿ ಇಳಿಸಿದರು. ಸೂಜಿಗೆ ತಂತಿ, ತಂತಿ ಪರದೆಗೆ, ಪರದೆಯ ಪಕ್ಕ ಒಂದು ಸ್ಪೀಕರು.

"ಕೈ ಸಡಿಲ ಬಿಡು. ಏನೂ ಮಾಡಬ್ಯಾಡ," ಎಂದರು. ಸುಮ್ಮನಿರುವ ಸ್ನಾಯು ಸುಮ್ಮನಿರಬೇಕು. ಪರದೆಯ ಮೇಲೆ ಬರೀ ಗೆರೆ, ಸ್ಪೀಕರಿನಲ್ಲಿ ಮೌನ. ನನ್ನದರಿಂದ ಸದ್ದು ಬಂತು. ಯಾರೋ ದೂರದಲ್ಲಿ ಬೈಕು ಶುರು ಮಾಡಿ, ಎಕ್ಸಲರೇಟರು ತಿರುವಿ ಬಿಟ್ಟಂತೆ: ಗರ್‌ರ್ ಎಂದು ಏರಿ, ಇಳಿದು, ಸಣ್ಣಗಾಗಿ ನಿಲ್ಲುವುದು. ಸೂಜಿ ಸ್ವಲ್ಪ ಅಲುಗಿಸಿದರೆ ಮತ್ತೊಂದು ಬೈಕು. ರಫೀಕಣ್ಣ ಡಾಕ್ಟರ ಮುಖ ನೋಡಿದರು. ಡಾಕ್ಟರು ತಲೆಯಾಡಿಸಿದರು.

"ಹೆದರಬ್ಯಾಡ್ರಿ ತಂಗಿ, ಗಾಡಿ ಸಿಕ್ತು," ಎಂದರು ರಫೀಕಣ್ಣ. "ಎಷ್ಟೋ ಮಂದಿಗಿ ಏನ್ ಆಗೈತಿ ಅನ್ನೂದಽ ಸಿಗೂದಿಲ್ಲ."

ಸೂಜಿ ತೆಗೆದು ಹತ್ತಿ ಒತ್ತುತ್ತ ಡಾಕ್ಟರು ಕೇಳಿದರು: "ಮುಂಜಾನಿ ಬಿಗೀತಾವಲ್ಲ, ಕೆಲಸ ಮಾಡಿದಂಗ ಮಾಡಿದಂಗ ಸಡಿಲ ಆಕ್ಕಾವೇನು? ಅದ ಈ ರೋಗದ ಗುರುತು."

ಎಸರಿನ ಬಿಸಿಗೆ ಕೈ ಹಿಡಿದು ಕುಳಿತ ನೀಲತ್ತಿ ಕಣ್ಣ ಮುಂದೆ ಬಂದಳು. ಆಕೆಗೆ ರೋಗವಿಲ್ಲ ಎಂಬುದಕ್ಕೆ ನಾನು ಕೊಟ್ಟ ಒಂದೇ ಒಂದು ಪುರಾವೆ ರೋಗದ ಗುರುತಾಗಿತ್ತು. ಒಂದು ವಾರ ಹೊಸ್ತಿಲ ಮೇಲೆ ಕುಳಿತು ನಾನು ಅದನ್ನು ನಿಮಿಷ ಸೆಕೆಂಡು ಸಮೇತ ಬರೆದಿದ್ದೆ.

"ಇದು ರಕ್ತಸಂಬಂಧದಾಗ ಬರತೈತಿ. ಮನ್ಯಾಗ ಮತ್ಯಾರಿಗರೆ ಹಿಂಗ ಐತೇನು?"

"ಇಲ್ರಿ," ಎಂದೆ.

ಸೂಜಿಗಿಂತ ನಾನು ಇವತ್ತಿಗೂ ಹೆಚ್ಚು ನೆನೆಸುವುದು ಆ ಒಂದು ಶಬ್ದವನ್ನು. ಯಾಕೆ ಹಾಗೆಂದೆ? ಅತ್ತಿಯ ಹೆಸರು ಹೇಳಿದರೆ ಮುಂದಿನ ಪ್ರಶ್ನೆ ಬರುತ್ತಿತ್ತು, ಆಕೆಯನ್ನು ಇಲ್ಲಿಗೆ ಯಾಕೆ ಕರೆತರಲಿಲ್ಲ ಎಂದು. ಅದಕ್ಕೆ ಉತ್ತರ ನಾನು.

ಡಾಕ್ಟರು ಉಳಿದದ್ದನ್ನು ಹೇಳಿದರು. ಬಿಗಿದ ಸ್ನಾಯು ಬೇಗ ಸಡಿಲಾಗದ ರೋಗ ಇದು, ಜೀವಕ್ಕೆ ಹೆದರುವಂಥದ್ದಲ್ಲ. ಹೃದಯದ ತಪಾಸಣೆ ಮಾಡಿ ಒಂದು ಗುಳಿಗೆ ಶುರು ಮಾಡೋಣ. ಥಟ್ಟನೆ ಏಳಬೇಡ. ಒಂದು ಮಾತು ಮಾತ್ರ ಬೆರಳೆತ್ತಿ ಹೇಳಿದರು: ಈ ರೋಗ ಇದ್ದವರಿಗೆ ಯಾವ ಆಪರೇಶನ್ ಆಗುವುದಿದ್ದರೂ ಅರಿವಳಿಕೆ ಕೊಡುವ ಡಾಕ್ಟರಿಗೆ ಮೊದಲೇ ಹೇಳಬೇಕು. ಕೆಲವು ಔಷಧಿಯಿಂದ ಇಡೀ ಮೈ ಸೆಟೆದು ಉಸಿರಾಟಕ್ಕೇ ತೊಂದರೆ ಆದೀತು.

ಹತ್ತು ದಿನದ ಹಿಂದೆಯೇ ಮನೆಗೆ ಸುದ್ದಿ ಬಂದಿತ್ತು. ನೀಲತ್ತಿಯ ಪಿತ್ತಕೋಶದಲ್ಲಿ ಹರಳು, ಈ ಬರುವ ಸೋಮವಾರವೇ ಆಪರೇಶನ್.

ಹೊರಗೆ ಬಂದು ಅಪ್ಪನ ಪಕ್ಕ ಕುಳಿತೆ. ರಕ್ತಸಂಬಂಧದ ಮಾತು ಹೇಳಿದೆ. ಅಪ್ಪ ತೊಡೆಯ ಮೇಲಿದ್ದ ನೀರಿನ ತಂಬಿಗೆಯ ಕಂಠವನ್ನು ಬಿಗಿಯಾಗಿ ಹಿಡಿದ, ಬಿಡಲು ನೋಡಿದ. ಬೆರಳುಗಳು ಒಂದೊಂದಾಗಿ, ಜಡವಾಗಿ ಬಿಚ್ಚಿಕೊಂಡವು. ಅಪ್ಪ ಯಾರಿಗೂ ಕೈ ಕೊಡದೆ ದೂರದಿಂದಲೇ ಶರಣು ಹೇಳುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಶಿಷ್ಟಾಚಾರ ಎಂದುಕೊಂಡಿದ್ದೆ.

"ನನಗ ಸ್ವಲ್ಪ. ಆಕೀಗಿ ಭಾಳ," ಎಂದ. "ನಮ್ಮಪ್ಪಗೂ ಇತ್ತು."

"ಮತ್ತ ಆವತ್ತ ಯಾಕ ಹೇಳಲಿಲ್ಲ?"

"ಆವತ್ತ ನೀ ಭಾಳ ಚಂದ ಮಾತಾಡಾಕತ್ತಿದ್ದೆವ್ವಾ."

ಅದನ್ನು ಆತ ಚುಚ್ಚಲು ಹೇಳಲಿಲ್ಲ. ಚುಚ್ಚಿದ್ದರೆ ತಿರುಗಿ ಮಾತಾಡುತ್ತಿದ್ದೆ.

ಅವತ್ತೇ ಒಳಗೆ ಹೋಗಿ ಸುಳ್ಳು ತಿದ್ದಬೇಕಿತ್ತು. ಅವತ್ತೇ ತಿಕೋಟಾದ ಬಸ್ಸು ಹತ್ತಬೇಕಿತ್ತು. ಎರಡನ್ನೂ ಮಾಡಲಿಲ್ಲ. ಎರಡು ದಿನ ನನ್ನ ತಲೆ ಬಹಳ ಚುರುಕಾಗಿ ಕೆಲಸ ಮಾಡಿತು: ಅಪ್ಪ ಫೋನ್ ಮಾಡಿ ಹೇಳಬಹುದಲ್ಲ, ಆಸ್ಪತ್ರೆಗೆ ನೇರವಾಗಿ ಒಂದು ಚೀಟಿ ಕಳಿಸಬಹುದಲ್ಲ, ಆಕೆಗೆ ಬೇರೆಯೇ ರೋಗ ಇರಬಹುದಲ್ಲ, ಪರೀಕ್ಷೆಯೇ ಆಗಿಲ್ಲವಲ್ಲ. ಎಲ್ಲ ಒಳ್ಳೆಯ ವಾದಗಳೇ. ಒಬ್ಬ ಹೆಂಗಸಿನ ಉಸಿರು ಒಂದು ಕಡೆ, ನನ್ನ ಮುಖ ಇನ್ನೊಂದು ಕಡೆ ಇಟ್ಟು ನಾನು ಎರಡು ದಿನ ತೂಗಿದೆ. ಇದನ್ನು ಮರೆಮಾಚಿ ಬರೆಯುವ ಬಗೆ ನನಗೆ ಗೊತ್ತಿದೆ. ಅದಕ್ಕೇ ಮರೆಮಾಚದೆ ಬರೆದಿದ್ದೇನೆ.

ಶುಕ್ರವಾರ ಹೋದೆ. ಬಸ್ಸಿನಲ್ಲಿ ಮೂರು ಅಂಶಗಳ ಒಂದು ಭಾಷಣ ಕಟ್ಟಿದೆ. ಅತ್ತಿ ಮನೆಯ ಮುಂದಿನ ಕಟ್ಟೆಯ ಮೇಲೆ ಮೊರದಲ್ಲಿ ದ್ರಾಕ್ಷಿ ಹಾಕಿಕೊಂಡು ತೊಟ್ಟು ಕೀಳುತ್ತಿದ್ದಳು. ಬಾ ಎಂದಳು, ನೀರು ತಂದಿಟ್ಟಳು, ಮತ್ತೆ ಕುಳಿತಳು. ಮೂರು ಅಂಶಗಳಲ್ಲಿ ಒಂದೂ ನೆನಪಾಗಲಿಲ್ಲ.

"ಅತ್ತಿ, ನಿನ್ನ ಕೈಯಾಗ ಇರೂದು ಖರೇನ ರೋಗ. ನನಗೂ ಐತಿ."

ಆಕೆಯ ಕೈ ನಿಂತಿತು. "ನಿನಗೂ ಐತಾ? ಎಂದಿನಿಂದ? ಕಾಲಿಗೂ ಬಂದೈತೇನು?" ಗದ್ದದ ಹೊಲಿಗೆಯ ಗುರುತು ನೋಡಿದಳು. "ಬಿದ್ದೀ?"

ಮೊದಲು ಕೇಳಿದ್ದು ಅದನ್ನು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಪರೇಶನ್ ವಿಷಯ, ಅರಿವಳಿಕೆಯ ವಿಷಯ ತೊದಲುತ್ತ ಹೇಳಿದೆ. ಎಲ್ಲ ಕೇಳಿಸಿಕೊಂಡಳು. ಅದಾದ ಮೇಲೆ ಆಕೆಯ ತುಟಿಯ ಅಂಚಿನಲ್ಲಿ ಏನೋ ಮೂಡಿತು.

"ಅಲ್ಲವಾ ವಕೀಲಕ್ಕಾ, ಹತ್ತನೇ ರೊಟ್ಟಿಗಿ ಆರಾಮ ಆಕ್ಕೈತೆಲಾ. ಮತ್ತ ರೋಗ ಹೆಂಗ?"

"ತಪ್ಪಾತು ಅತ್ತಿ." ಯಾವ ವಿಷಯ ಕೊಟ್ಟರೂ ಐದು ನಿಮಿಷ ಮಾತಾಡುವವಳಿಗೆ ಅಷ್ಟೇ ಬಂತು.

ಆಕೆ ಮೊರ ಪಕ್ಕಕ್ಕಿಟ್ಟಳು. "ನೀ ಅಂದದ್ದಕ್ಕ ನನಗ ಸಿಟ್ಟ ಬರಲಿಲ್ಲ. ಖರೇ ಇರಬೇಕು ಅನಸ್ತು. ಕಲತಾಕಿ, ಬರದ ಇಟ್ಟ ಹೇಳ್ಯಾಳ. ಆವತ್ತಿನಿಂದ ದಿನಾ ಮುಂಜಾನೆದ್ದ ನನ್ನ ಕೈಗಿ ನಾನ ಬೈತೀನಿ. ಏಳಽ ಕಳ್ಳಿ, ಏಳಽ ಅಂತ."

ಮೊರದ ದ್ರಾಕ್ಷಿಯ ಮೇಲೆ ನೊಣ ಕೂತಿತ್ತು. ನಾನು ಅದನ್ನು ಓಡಿಸಿದೆ. ಮಾಡಲು ಬೇರೆ ಏನೂ ಇರಲಿಲ್ಲ.

ಹೊರಡುವಾಗ ಕೇಳಿದಳು, "ಆ ಪಟ್ಟಿ ಐತೇನು ಮೊಬೈಲಿನ್ಯಾಗ?" ಐತಿ ಎಂದೆ. "ಅಳಸಬ್ಯಾಡ. ಡಾಕ್ಟರ ಕಡೆ ಬರೂ ಮುಂದ ತಗೊಂಡ ಬಾ."

ಆಪರೇಶನ್ ಒಂದು ವಾರ ಮುಂದಕ್ಕೆ ಹೋಯಿತು. ಅರಿವಳಿಕೆಯ ಡಾಕ್ಟರು ಪರೀಕ್ಷೆಯ ಕಾಗದ ನೋಡಿ ಔಷಧಿ ಬದಲಿಸಿದರು. ಅತ್ತಿ ಹರಳು ಕಳೆದುಕೊಂಡು ಸುರಕ್ಷಿತವಾಗಿ ಮನೆ ಸೇರಿದಳು. ಮತ್ತೆ ಖಾನಾವಳಿಗೆ ಬಾ ಎಂದು ಅವ್ವ ಎರಡು ಸಲ ಕರೆದಳು. ನೋಡೂಣ ಎಂದಿದ್ದಾಳೆ, ಬಂದಿಲ್ಲ. ಇದನ್ನೆಲ್ಲ ಮೊದಲೇ ಹೇಳಿಬಿಟ್ಟಿದ್ದೇನೆ. ಕೊನೆಗೆ ಹೇಳಬೇಕಾದದ್ದು ಅದಕ್ಕೂ ಮುಂಚೆ, ಅತ್ತಿಯನ್ನು ಪರೀಕ್ಷೆಗೆ ಕರೆದುಕೊಂಡು ಹೋದ ದಿನದ್ದು.

ಅದೇ ಕೋಣೆ, ಅದೇ ರಫೀಕಣ್ಣ, ಅದೇ ಡಾಕ್ಟರು. ಹೋದ ಸಲ ನಾನು ಸುಳ್ಳು ಹೇಳಿದ್ದೆ ಎಂದು ಮೊದಲೇ ಒಪ್ಪಿಕೊಂಡೆ. ಡಾಕ್ಟರು ನನ್ನ ಕಡತ ತೆಗೆದು ಒಂದು ಸಾಲು ಹೊಡೆದು ಹಾಕಿದರು. ಅತ್ತಿ ನನ್ನ ಕಡೆ ನೋಡಿದಳು. ಮೊಬೈಲು ಕೊಟ್ಟೆ. ಡಾಕ್ಟರು ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದರು. ಮೊದಲ ರೊಟ್ಟಿ, ಐದನೆಯದು, ಹತ್ತನೆಯದು. ಏಳು ದಿನ.

"ಇಷ್ಟ ಛಲೋ ಯಾರೂ ಬರಕೊಂಡ ಬರೂದಿಲ್ಲ," ಎಂದರು. "ಯಾರ ಬರದದ್ದು?"

ಉತ್ತರ ಕೊಟ್ಟದ್ದು ಅತ್ತಿ.

"ನಮ್ಮ ಹುಡುಗೀನ ಬರದಾಳ್ರಿ. ನನ್ನ ಸುಳ್ಳ ಹಿಡಿಯಾಕ."

ಡಾಕ್ಟರು ತಲೆ ಎತ್ತಿದರು. ರಫೀಕಣ್ಣ ಹತ್ತಿಯ ಡಬ್ಬಿ ತೆರೆದವರು ಹಾಗೇ ನಿಂತರು. ಅತ್ತಿ ಬಳೆ ತೆಗೆದು ನನ್ನ ಕೈಗಿತ್ತು, ತಾನೇ ಅಂಗೈ ಮೇಲ್ಮುಖವಾಗಿ ಹಾಸಿ, ಹಾಕ್ರಿ ಎಂದಳು. ಸೂಜಿ ಇಳಿಯಿತು. ಕೈ ಸಡಿಲ ಬಿಡಿ ಎಂದರು. ಬಿಟ್ಟಳು. ಬೈಕು ಶುರುವಾಯಿತು, ನನ್ನದಕ್ಕಿಂತ ದೊಡ್ಡದು, ಒಂದರ ಹಿಂದೆ ಒಂದು. ಆಕೆ ಕಣ್ಣು ಮುಚ್ಚಿ ಕೇಳುತ್ತ ಮಲಗಿದ್ದಳು.

"ಅಣ್ಣಾರ," ಎಂದಳು ರಫೀಕಣ್ಣನಿಗೆ, ಕಣ್ಣು ತೆರೆಯದೆ. "ಸ್ವಲ್ಪ ಜೋರ ಇಡ್ರಿ. ಈಕೀಗಿ ಕೇಳಲಿ."

ರಫೀಕಣ್ಣ ಡಾಕ್ಟರನ್ನು ನೋಡಿ, ಸ್ಪೀಕರಿನ ಗುಂಡಿ ತಿರುಗಿಸಿದರು. ಬಳೆಗಳನ್ನು ಹಿಡಿದುಕೊಂಡು ನಾನು ನಿಂತು ಕೇಳಿದೆ.